ದನ ಹೊಕ್ಕರೆ ದೊಡ್ಡಿಗೆ, ಬೇಟೆ ನಾಯಿ ಹೊಕ್ಕರೆ ಸುಮ್ಮನೆ?

ಪಕ್ಕದ ಮನೆಯ ಎತ್ತು ಹಗ್ಗ ಹರಿದುಕೊಂಡು ನಮ್ಮ ಕಡಲೆ ಹೊಲಕ್ಕೆ ನುಗ್ಗಿದರೆ ಏನು ಮಾಡುತ್ತೇವೆ? ಮೊದಲು ಬೈಗುಳ, ಆಮೇಲೆ ಹಿರಿಯರ ಪಂಚಾಯ್ತಿ, ಅದಕ್ಕೂ ಬಗ್ಗದಿದ್ದರೆ ದೊಡ್ಡಿ. ಬೆಳೆ ಮೇಯ್ದ ದನವನ್ನು ದೊಡ್ಡಿಗೆ ಹಾಕಲು ಬ್ರಿಟಿಷರ ಕಾಲದಲ್ಲೇ, 1871ರಲ್ಲಿ ಕಾಯ್ದೆ ಬಂದಿದೆ. ಗೇಣು ಬದು ಒತ್ತಿದರೆ ಅಣ್ಣ ತಮ್ಮಂದಿರೇ ಕೋರ್ಟು ಹತ್ತುತ್ತಾರೆ.

ಅದೇ ಹೊಲವನ್ನು ನಸುಕಿನಲ್ಲಿ ಆರೇಳು ಹುಡುಗರು ಜಿಂಕೆಯ ಹಿಂದೆ ನಾಯಿ ಬಿಟ್ಟುಕೊಂಡು ತುಳಿದು ಹೋದರೆ? ಯಾರೂ ಬಾಯಿ ಬಿಡುವುದಿಲ್ಲ. "ಹುಡುಗರು ಶಿಕಾರಿಗೆ ಹೋಗಿದ್ದಾರೆ, ಬಿಡಿ" ಅಂತ ಮುಗಿಸುತ್ತೇವೆ.

ನಮ್ಮ ಕಡೆ ಒಬ್ಬ ಅವ್ವನ ಹೊಲದಲ್ಲಿ ಹೀಗೇ ಆಯಿತು. ಗಂಡ ಇಲ್ಲ, ಇರುವುದು ಎರಡು ಎಕರೆ. ಹೂವಿಗೆ ಬಂದ ಕಡಲೆ ನೆಲಕಚ್ಚಿತು, ಡ್ರಿಪ್ ಪೈಪು ಕಿತ್ತು ಬಂತು. ಕೇಳಲು ಹೋದರೆ ಸಿಕ್ಕ ಉತ್ತರ: "ನಾಯಿಗೆ ಬದು ಗೊತ್ತಾಗ್ತದೇನವ್ವ?"

ನಾಯಿಗೆ ಗೊತ್ತಾಗುವುದಿಲ್ಲ, ನಿಜ. ಅದನ್ನು ಬಿಟ್ಟವನಿಗೆ ಗೊತ್ತಾಗುತ್ತದೆ. ಹೊಲಕ್ಕೆ ನಾಯಿ ತಾನಾಗಿ ಬರಲಿಲ್ಲ, ಕರೆತಂದರು.

ಈಗ ಕಾನೂನು ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ನಾಯಿ ಬಿಟ್ಟು ಅಟ್ಟಿಸುವುದು, ಉರುಳು ಹಾಕುವುದು, ಅಷ್ಟೇಕೆ, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. "ಏನೂ ಸಿಗಲಿಲ್ಲ, ಬರಿಗೈಲಿ ಬಂದೆವು" ಎಂದರೂ ತಪ್ಪಿಸಿಕೊಳ್ಳಲಾಗದು. ಕೃಷ್ಣಮೃಗ ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ನಿಮ್ಮ ಸ್ವಂತ ಹೊಲದಲ್ಲಿ ನಡೆದರೂ ಇದೇ ಕಾಯ್ದೆ.

ಅಪರಾಧ ಮಾಡುವ ಉದ್ದೇಶದಿಂದ ಇನ್ನೊಬ್ಬರ ಜಮೀನಿಗೆ ಕಾಲಿಟ್ಟರೆ ಅದು ಅಕ್ರಮ ಪ್ರವೇಶ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಪ್ರಕಾರ ಅದಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ಆ ಅವ್ವನ ಹೊಲದಲ್ಲಿ ನಡೆದದ್ದು ಒಂದಲ್ಲ, ಎರಡು ಅಪರಾಧ.

ಅಮೆರಿಕದ ವರ್ಜೀನಿಯಾ ರಾಜ್ಯದ ಹಲವು ಭಾಗಗಳಲ್ಲಿ ನಾಯಿ ಬಿಟ್ಟು ಜಿಂಕೆ ಬೇಟೆಯಾಡಲು ಅನುಮತಿಯೇ ಇದೆ. ಆದರೂ ನಾಯಿ ಬೇರೆಯವರ ಜಮೀನು ಹೊಕ್ಕರೆ, ಅದನ್ನು ವಾಪಸ್ ತರಲು ಮಾತ್ರ ಹೋಗಬಹುದು. ಬಂದೂಕು ಒಯ್ಯುವಂತಿಲ್ಲ. ಮಾಲೀಕರು ಒಪ್ಪದೆ ಗಾಡಿ ಒಳಗೆ ಬಿಡುವಂತಿಲ್ಲ. ಕೇಳಿದರೆ ಹೆಸರು ಹೇಳಲೇಬೇಕು. ಇಷ್ಟಿದ್ದರೂ ಅಲ್ಲಿನ ಜಮೀನುದಾರರು ಒಪ್ಪದೆ ಕೋರ್ಟಿಗೆ ಹೋಗಿದ್ದಾರೆ. ಬೇಟೆಯೇ ನಿಷೇಧವಿರುವ ನಮ್ಮಲ್ಲಿ ಕೇಳಿದವರಿಗೇ ಗದರಿಸುತ್ತಾರೆ!

"ಜಿಂಕೆ ನಮ್ಮ ಬೆಳೆ ತಿಂತಾವಲ್ಲ?" ಅನ್ನುತ್ತೀರಿ. ತಿನ್ನುತ್ತವೆ. ರಾತ್ರಿಯಿಡೀ ಹೊಲ ಕಾಯುವ ಕಷ್ಟ ನಮಗೂ ಗೊತ್ತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದಕ್ಕೆ ಅರಣ್ಯ ಇಲಾಖೆಯಿಂದ ಬೆಳೆ ಪರಿಹಾರ ಕೇಳಬೇಕು, ತಡವಾದರೆ ಕಚೇರಿ ಮುಂದೆ ಕೂರಬೇಕು. ಜಿಂಕೆ ನಾಲ್ಕು ಗಿಡ ತಿಂದಿತೆಂದು ನಾಲ್ಕು ಸಾಲು ತುಳಿಯುವುದು ಯಾವ ಬೆಳೆ ರಕ್ಷಣೆ? ಅದೂ ಇನ್ನೊಬ್ಬರ ಹೊಲದಲ್ಲಿ?

"ಅಜ್ಜನ ಕಾಲದ ಪದ್ಧತಿ" ಅನ್ನುವವರೂ ಇದ್ದಾರೆ. ಅಜ್ಜನ ಕಾಲದಲ್ಲಿ ಊರ ಸುತ್ತ ಬೀಳು ಭೂಮಿ ಇತ್ತು. ಈಗ ಇಂಚಿಂಚೂ ಯಾರದೋ ಸಾಲದ ಬೆಳೆ. ಇನ್ನು ನಾಯಿಯ ಹೆಮ್ಮೆ ಬೇಕೆಂದರೆ ಮುಧೋಳ ನಾಯಿಯನ್ನೇ ನೋಡಿ, ಸೇನೆಯವರೇ ತರಬೇತಿಗೆ ಕರೆದೊಯ್ದ ತಳಿ. ಜಿಂಕೆ ಕಚ್ಚಿಸದೆಯೂ ಹೆಸರು ಮಾಡಬಹುದು.

ನಾವು ಸುಮ್ಮನಿರುವುದಕ್ಕೆ ಇನ್ನೊಂದು ಕಾರಣವಿದೆ. ಹೇಳಲು ನಾಚಿಕೆ, ಆದರೂ ಹೇಳಬೇಕು. ಸಂಜೆ ಮನೆಗೆ ಬರುವ ಮಾಂಸದ ಪಾಲು. ಆ ಪಾಲು ತಿಂದ ಬಾಯಿ ಮರುದಿನ ಅವ್ವನ ಪರವಾಗಿ ಮಾತಾಡುವುದಿಲ್ಲ. ಆ ಮಾಂಸ ಇಟ್ಟುಕೊಳ್ಳುವುದೂ ಅಪರಾಧ ಎಂಬುದು ನೆನಪಿರಲಿ.

ಮುಂದಿನ ಸಲ ನಾಯಿಗಳ ಸದ್ದು ಕೇಳಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಪೊಲೀಸರ 112ಕ್ಕೆ ಫೋನ್ ಮಾಡಿ. ತುಳಿದ ಬೆಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಒಬ್ಬಂಟಿ ಹೆಂಗಸು ಕೇಳಿದರೆ ಗದರಿಸುತ್ತಾರೆ, ಹತ್ತು ಜನ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ಬಾಯಿಲ್ಲದ ದನಕ್ಕೆ ದೊಡ್ಡಿ ಇಟ್ಟ ಊರು, ಬಾಯಿರುವ ಮನುಷ್ಯನಿಗೆ ಬದು ತೋರಿಸಲಾರದೇ?