ಪ್ರಶ್ನೆ ಕೇಳುವುದೂ ಒಂದು ವಿದ್ಯೆ

ವಿಮಾನವನ್ನು ಮುಟ್ಟದೆಯೇ ವಿಮಾನಚಾಲನೆಯ ಪಾಠಗಳನ್ನು ಕಲಿಯಬಹುದೆಂಬ ಮಾತು ಇಂದು ಯಾರಿಗೂ ಆಶ್ಚರ್ಯವನ್ನುಂಟುಮಾಡದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು 1929ರಲ್ಲಿ, ತನ್ನ ತಂದೆಯ ಕಾರ್ಖಾನೆಯಲ್ಲಿ ಆರ್ಗನ್ ವಾದ್ಯಕ್ಕೆ ಬಳಸುತ್ತಿದ್ದಂತಹ ತಿದಿಗಳಿಂದ, ನೆಲದ ಮೇಲೆಯೇ ಓಲಾಡುವ ಶಿಕ್ಷಣಯಂತ್ರವೊಂದನ್ನು ರಚಿಸಿದನು. 1982ರಲ್ಲಿ ಹೊರಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅದೇ ವಿದ್ಯೆಯನ್ನು ಮನೆಯ ಗಣಕಯಂತ್ರದಲ್ಲಿ ಜನಪ್ರಿಯಗೊಳಿಸಿತು. ಅರಸೀಕೆರೆಯ ರೈಲಿನ ಸದ್ದನ್ನು ಕೇಳುತ್ತ ಬೆಳೆದ ವಿದ್ಯಾರ್ಥಿಯೂ ಈಗ ಬೋಯಿಂಗ್ 737ರ ಚಾಲಕನ ಪೀಠದಲ್ಲಿ ಕುಳಿತಂತೆ ಅಭ್ಯಾಸ ಮಾಡಬಹುದು.

ಆದರೆ ಇಂತಹ ತಂತ್ರಾಂಶಕ್ಕೆ ಪ್ರತ್ಯೇಕವಾಗಿ ಸೇರಿಸಿಕೊಳ್ಳುವ ಸವಿವರ ವಿಮಾನಗಳು ಆಟಿಕೆಗಳಲ್ಲ. ಅವುಗಳಲ್ಲಿ ಒಂದು ಸ್ವಿಚ್ಚು ತಪ್ಪಿದರೂ ಎಂಜಿನ್ ಚಾಲೂ ಆಗದೆ ಹೋಗಬಹುದು. ಕಾರಣವೇನು? 737ರ ಎಂಜಿನನ್ನು ಮೊದಲು ತಿರುಗಿಸುವುದು ಒತ್ತಡದ ಗಾಳಿ. ನೆಲದ ಮೇಲೆ ಆ ಗಾಳಿಯನ್ನು ಸಾಮಾನ್ಯವಾಗಿ ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್ ಒದಗಿಸುತ್ತದೆ. ಅದರ ಕವಾಟವನ್ನು ತೆರೆಯದಿದ್ದರೆ, ಅಥವಾ ಹವಾನಿಯಂತ್ರಣ ಘಟಕಗಳನ್ನು ನಿಲ್ಲಿಸದಿದ್ದರೆ, ಸ್ಟಾರ್ಟರಿಗೆ ಬೇಕಾದಷ್ಟು ಗಾಳಿ ತಲುಪದೆ ಹೋಗಬಹುದು.

ಇಂತಹ ಸಂದರ್ಭದಲ್ಲಿ "ವಿಮಾನ ಕೆಟ್ಟಿದೆ, ಸಹಾಯಮಾಡಿ" ಎಂದಷ್ಟೇ ಕೇಳಿದವನಿಗೆ ಬಲ್ಲವನೂ ಉತ್ತರ ಹೇಳಲಾರನು. "ಸಹಾಯಕ ಎಂಜಿನ್ ನಡೆಯುತ್ತಿದೆ, ಗಾಳಿಯ ಸ್ವಿಚ್ಚನ್ನು ಹಾಕಿದ್ದೇನೆ, ಆದರೂ ಒತ್ತಡದ ಮುಳ್ಳು ಮೇಲೇಳುತ್ತಿಲ್ಲ, ತಂತ್ರಾಂಶದ ಆವೃತ್ತಿ ಇಂಥದು" ಎಂದು ಕೇಳಿದವನು ಅರ್ಧ ಉತ್ತರವನ್ನು ತಾನೇ ಕಂಡುಕೊಂಡಿದ್ದಾನೆ. ಮಾಡಿದ್ದೇನು, ನಿರೀಕ್ಷಿಸಿದ್ದೇನು, ಕಂಡದ್ದೇನು ಎಂದು ಕ್ರಮವಾಗಿ ಹೇಳುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಪ್ರಯೋಗಶಾಲೆಯ ವಿಧಾನವೇ ಅಲ್ಲವೆ?

ಗಣಕಯಂತ್ರದ ವಿಮಾನ ಬಿದ್ದರೆ ಯಾರಿಗೂ ಪೆಟ್ಟಾಗದು, ನಿಜ. ಆದರೆ ಅಭ್ಯಾಸವೆಂಬುದು ಅಲ್ಲಿಗೇ ನಿಲ್ಲುವುದಿಲ್ಲ. 1935ರ ಅಕ್ಟೋಬರ್ 30ರಂದು ಬೋಯಿಂಗ್ 299 ವಿಮಾನವು, ನಿಯಂತ್ರಣ ಫಲಕಗಳ ಬೀಗವನ್ನು ಬಿಡಿಸದೆ ಮೇಲೇರಿದ್ದರಿಂದ ನೆಲಕ್ಕಪ್ಪಳಿಸಿತು. ಚಾಲಕರು ನುರಿತವರೇ ಆಗಿದ್ದರು. ಆ ದುರಂತದ ಬಳಿಕವೇ ಚಾಲಕರ ತಪಾಸಣಾಪಟ್ಟಿಯು ವಾಯುಯಾನದಲ್ಲಿ ನೆಲೆಯೂರಿತು. ನೆನಪನ್ನೇ ನಂಬದೆ, ಕೈಪಿಡಿಯನ್ನು ತೆರೆದು ನೋಡುವುದು ಅಜ್ಞಾನದ ಗುರುತಲ್ಲ, ಶಿಸ್ತಿನ ಗುರುತು.

ಉತ್ತರಿಸುವವರಿಗೂ ಹೊಣೆಯಿದೆ. "ಇಷ್ಟೂ ತಿಳಿಯದೆ?" ಎಂಬ ಒಂದು ಮಾತು ಹೊಸಬನ ಉತ್ಸಾಹವನ್ನು ಕೊಲ್ಲಬಲ್ಲುದು. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರೂ ಅವನ ಮಗ ಚಾವಣನ ಹೆಸರೂ ಉಳಿದಿವೆ. ಹಳೇಬೀಡಿನ ಗೋಡೆಗಳ ಮೇಲಿನ ಸೂಕ್ಷ್ಮ ಕೆತ್ತನೆಯನ್ನು ಕಂಡವರಾರೂ ಅದು ತಿದ್ದುವ ಹಿರಿಯರಿಲ್ಲದೆ ಬಂದ ಕೌಶಲವೆಂದು ನಂಬಲಾರರು. ಬಲ್ಲವರು ತಾಳ್ಮೆಯಿಂದ ಕೈಹಿಡಿಯಬೇಕು. ಅದೂ ಕನ್ನಡದಲ್ಲಿಯೇ ಹಿಡಿಯಬೇಕು. ಇಂಗ್ಲಿಷಿನ ಕೈಪಿಡಿಯನ್ನು ಓದಲು ತಡವರಿಸುವ ಹುಡುಗನಿಗೆ ಗಾಳಿಯ ಒತ್ತಡದ ತತ್ತ್ವ ತಿಳಿಯದೆಂದು ಭಾವಿಸುವುದು ಅನ್ಯಾಯ.

ಆದುದರಿಂದ ವಿದ್ಯಾರ್ಥಿಗಳು ಸಂಕೋಚವಿಲ್ಲದೆ ಕೇಳಲಿ, ಆದರೆ ಸಿದ್ಧರಾಗಿ ಕೇಳಲಿ. ಉತ್ತರ ದೊರೆತೊಡನೆ ಅದನ್ನು ಕನ್ನಡದಲ್ಲಿ ಬರೆದಿಟ್ಟು, ಮುಂದೆ ಬರುವವನಿಗೆ ಕೊಡಲಿ.