ನಿಷ್ಠೆ ಮುರಿದವರು ಯಾರು?

ಕಳೆದ ತಿಂಗಳು ನಮ್ಮ ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಹಿರಿಯರೊಬ್ಬರು, “ಈಗಿನವರಿಗೆ ನಿಷ್ಠೆಯೆಂಬುದೇ ಇಲ್ಲ. ಒಂದು ಸಲ ಈ ಚಿಹ್ನೆ, ಇನ್ನೊಂದು ಸಲ ಆ ಚಿಹ್ನೆ. ನಾವು ಜೀವಮಾನವಿಡೀ ಒಂದೇ ಪಕ್ಷಕ್ಕೆ ಮತ ಕೊಟ್ಟವರು” ಎಂದು ಅಲವತ್ತುಕೊಂಡರು. ಹಲವರು ತಲೆದೂಗಿದರು. ನನಗೆ ತಲೆದೂಗಲಾಗಲಿಲ್ಲ.

ಅಂಥ ನಿಷ್ಠೆಯನ್ನು ನಾನು ಮನೆಯಲ್ಲಿಯೇ ಕಂಡವನು. ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿದ ನನ್ನ ತಂದೆಯವರು ಕೊನೆಯವರೆಗೂ ಒಂದೇ ಪಕ್ಷಕ್ಕೆ ಮತ ಹಾಕಿದರು. ಆ ಪಕ್ಷದವರು ಮೊದಮೊದಲು ಚುನಾವಣೆಗೊಮ್ಮೆ ನಮ್ಮ ಚಾಳಿಗೆ ಬಂದು ಕೈಮುಗಿಯುತ್ತಿದ್ದರು. ಕ್ರಮೇಣ ಅದನ್ನೂ ಬಿಟ್ಟರು. ಹೇಗೂ ಬೀಳುವ ಮತಕ್ಕಾಗಿ ಮೆಟ್ಟಿಲು ಹತ್ತುವ ಶ್ರಮವೇಕೆ? ಚಾಳಿನ ನಳದಲ್ಲಿ ಮಾತ್ರ ಅಂದಿನಂತೆಯೇ ಬೆಳಗಿನ ಅರ್ಧ ಗಂಟೆ ನೀರು. ತಂದೆಯವರ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಅದನ್ನು ಆದರ್ಶವೆಂದು ಮಕ್ಕಳಿಗೆ ಬೋಧಿಸಲಾರೆ.

ಮತ ಬದಲಿಸುವುದೆಲ್ಲ ಚಂಚಲತೆಯೆಂಬ ಮಾತನ್ನು ನಮ್ಮ ತವರು ರಾಜ್ಯವೇ ಹಿಂದೆ ಸುಳ್ಳಾಗಿಸಿದೆ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗಿತ್ತ ಮತದಾರರು, ಮೂರು ತಿಂಗಳು ಕಳೆಯುವಷ್ಟರಲ್ಲಿ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕಿತ್ತರು. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಬೇರೆ ಬೇರೆಯಾಗಿ ತೂಗಿ ನೋಡಿದ ವಿವೇಕವದು. ಅದೇ 1985ರಲ್ಲಿ ಪಕ್ಷಾಂತರವನ್ನು ತಡೆಯಲು ಸಂವಿಧಾನಕ್ಕೆ 52ನೆಯ ತಿದ್ದುಪಡಿ ತರಬೇಕಾಯಿತು. ಕಾನೂನಿನಿಂದ ಕಟ್ಟಿಹಾಕಬೇಕಾಗಿ ಬಂದದ್ದು ಮತದಾರನನ್ನಲ್ಲ, ಆತ ಆರಿಸಿ ಕಳುಹಿಸಿದವರನ್ನು.

ಇನ್ನು ನಾವು ಬದುಕು ಕಟ್ಟಿಕೊಂಡ ಮಹಾರಾಷ್ಟ್ರ. 2019ರಲ್ಲಿ ಭಾಜಪದ ಜತೆಗೂಡಿ ಮತ ಕೇಳಿದ ಶಿವಸೇನೆ, ಫಲಿತಾಂಶದ ಬಳಿಕ ತಾನು ಎದುರಿಸಿದ್ದ ಕಾಂಗ್ರೆಸ್ ಹಾಗೂ ರಾಷ್ಟ್ರವಾದಿ ಕಾಂಗ್ರೆಸ್ಸಿನೊಡನೆ ಸರಕಾರ ರಚಿಸಿತು. 2022ರಲ್ಲಿ ಸೇನೆ ಒಡೆಯಿತು. 2023ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ ಒಡೆಯಿತು. ಬಿಲ್ಲುಬಾಣ ಯಾರದು, ಗಡಿಯಾರ ಯಾರದು ಎಂಬುದನ್ನು ಚುನಾವಣಾ ಆಯೋಗವೇ ತೀರ್ಮಾನಿಸಬೇಕಾಯಿತು. ಜೀವಮಾನದ ನಿಷ್ಠಾವಂತನು ಯಾರ ಬಾಗಿಲಲ್ಲಿ ನಿಲ್ಲಬೇಕೆಂದು ನಮ್ಮ ಹಿರಿಯರು ದಯವಿಟ್ಟು ಹೇಳಲಿ.

ಹಾಗೆಂದು ಮತದಾರನನ್ನು ಹೊಗಳಿ ಕೈತೊಳೆದುಕೊಳ್ಳಲಾರೆ. ಕರ್ನಾಟಕದಲ್ಲಿ 2019ರಲ್ಲಿ ಅನರ್ಹಗೊಂಡ ಶಾಸಕರ ಪೈಕಿ 13 ಮಂದಿ ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಭಾಜಪದಿಂದ ಸ್ಪರ್ಧಿಸಿದರು. 11 ಮಂದಿಯನ್ನು ಜನ ಮರಳಿ ಗೆಲ್ಲಿಸಿದರು. ಪಕ್ಷನಿಷ್ಠೆ ತೆರವು ಮಾಡಿದ ಜಾಗದಲ್ಲಿ ವ್ಯಕ್ತಿನಿಷ್ಠೆಯೋ ಜಾತಿನಿಷ್ಠೆಯೋ ಬಂದು ಕುಳಿತರೆ ಅದು ಬಿಡುಗಡೆಯಲ್ಲ, ಯಜಮಾನನ ಬದಲಾವಣೆಯಷ್ಟೆ.

ಹೊರನಾಡಿನಲ್ಲಿ ಎಣಿಕೆಗೆ ಕಡಿಮೆಯಿರುವ ನಮಗೆ ಈ ವಿವೇಕ ಇನ್ನಷ್ಟು ಅಗತ್ಯ. ಕನ್ನಡ ಶಾಲೆಗೆ ಶಿಕ್ಷಕರನ್ನು ಕೊಡುವಿರಾ, ನಮ್ಮ ವಸತಿಗೆ ನೀರು ತರುವಿರಾ ಎಂದು ಪ್ರತಿ ಚುನಾವಣೆಯಲ್ಲಿಯೂ ಎಲ್ಲ ಪಕ್ಷದವರನ್ನೂ ಕೇಳೋಣ. ಉತ್ತರವನ್ನು ಬರೆದಿಟ್ಟುಕೊಂಡು ಐದು ವರ್ಷಗಳ ನಂತರ ಲೆಕ್ಕ ಕೇಳೋಣ. ನನ್ನ ನಿಷ್ಠೆ ಆ ಲೆಕ್ಕಕ್ಕೆ. ಕೈ ಮುಗಿದವರಿಗಿಂತ ಕೆಲಸ ಮಾಡಿದವರು ಯಾರೆಂದು ನೋಡಿ ಮತ ಬದಲಿಸಿದ್ದೇನೆ, ಮುಂದೆಯೂ ಬದಲಿಸುತ್ತೇನೆ.