ರಾಗ ಹೋಯಿತು ಮುಂಬಯಿಗೆ, ಮಾತು ಉಳಿಯಿತು ಇಲ್ಲೇ!

ಬೆಂಗಳೂರಿನ ಹುಡುಗರ ಗುಂಪಿನಲ್ಲಿ ‘ಜೊತೆಯಲಿ’ ಹಾಡು ಹಾಕಿ ನೋಡಿ. ಒಬ್ಬನಾದರೂ ‘ಇದು ಹಿಂದಿಯಿಂದ ಎತ್ತಿದ್ದಲ್ವಾ ಗುರು?’ ಅಂತಾನೆ. ಇನ್ನೊಬ್ಬ ತಿದ್ದುತ್ತಾನೆ, ‘ಅಲ್ಲ, ತಮಿಳಿಂದ’. ಗೆಳೆಯರೇ, ಎರಡೂ ಸುಳ್ಳು!

ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ ತೆರೆಕಂಡದ್ದು 1981ರಲ್ಲಿ. ಅದೇ ರಾಗ ತಮಿಳಿನ ‘ನೂರಾವದು ನಾಳ್’ ಚಿತ್ರಕ್ಕೆ ಹೋದದ್ದು 1984ರಲ್ಲಿ. ಬಾಲ್ಕಿ ನಿರ್ದೇಶನದ ‘ಚೀನಿ ಕಮ್’ ಚಿತ್ರದಲ್ಲಿ ‘ಜಾನೆ ದೋ ನಾ’ ಆದದ್ದು 2007ರಲ್ಲಿ. ಕನ್ನಡದ ಹಾಡು ಹಿಂದಿಯದಕ್ಕಿಂತ 26 ವರ್ಷ ಹಿರಿಯದು!

ಹಾಗಂತ ಕಳ್ಳತನ ಎಂದು ಕೂಗಬೇಕಿಲ್ಲ. ಮೂರಕ್ಕೂ ಸಂಗೀತ ಇಳಯರಾಜ ಅವರದೇ. ತಾನೇ ಹೆತ್ತ ರಾಗವನ್ನು ಹೊಸ ಗಾಯಕಿ, ಹೊಸ ಕವಿಯನ್ನು ಕಟ್ಟಿಕೊಂಡು ಮತ್ತೆ ರೆಕಾರ್ಡ್ ಮಾಡಿದರೆ ಆಕ್ಷೇಪಿಸುವುದು ಸಣ್ಣತನ. ಅವರು ಕನ್ನಡಕ್ಕೆ ಹೊರಗಿನವರೂ ಅಲ್ಲ. ಸ್ವತಂತ್ರವಾಗಿ ಸಂಗೀತ ಕೊಡುವ ಮುನ್ನ ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ ಪಳಗಿದವರು. ಶ್ರೇಯಾ ಘೋಷಾಲ್ ಹಾಡಿರುವುದೂ ಇಂಪಾಗಿಯೇ ಇದೆ. (ಪರಭಾಷೆಯ ಟ್ಯೂನುಗಳನ್ನು ನಮ್ಮ ಚಿತ್ರರಂಗ ಎರವಲು ತಂದದ್ದೇನು ಕಮ್ಮಿಯೇ?)

ಆದರೆ ರಾಗ ಊರೂರು ಸುತ್ತಬಲ್ಲದು, ಮಾತು ಸುತ್ತಲಾರದು. ಕುದುರೆಯ ಗೊರಸಿನ ಸದ್ದಿನಂತೆ ಓಡುವ ಆ ತಾಳಕ್ಕೆ ಚಿ. ಉದಯಶಂಕರ್ ಎಷ್ಟು ಹಗುರವಾಗಿ ಕನ್ನಡದ ಪದ ಕೂರಿಸಿದ್ದಾರೆ! ಎಲ್ಲೂ ಎಡವುವುದಿಲ್ಲ, ಎಲ್ಲೂ ತುರುಕಿದಂತೆ ಕೇಳುವುದಿಲ್ಲ. ಆ ಪದಗಳಿಗೆ ಮುಂಬಯಿಯಲ್ಲಿ ಕೆಲಸವಿಲ್ಲ. ಅಲ್ಲಿ ಸಮೀರ್ ಬರೆದರು, ಅವರ ಹೆಸರು ಬಂತು, ಸರಿಯೇ. ಕಾನೂನಿನ ಕಣ್ಣಲ್ಲೂ ಸಂಗೀತ ಬೇರೆ ಕೃತಿ, ಸಾಹಿತ್ಯ ಬೇರೆ ಕೃತಿ. ಹೊಸ ಹಾಡಿನಲ್ಲಿ ಕನ್ನಡದ ಕವಿಗೆ ಪಾಲಿಲ್ಲ.

ಕೇಳುವವರಾದರೂ ಯಾರು? ಶಂಕರ್‌ನಾಗ್ 1990ರಲ್ಲೇ ಹೋದರು. ಉದಯಶಂಕರ್ 1993ರಲ್ಲಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ 2020ರಲ್ಲಿ. ಉಳಿದ ವಾರಸುದಾರರು ನಾವು. ನಾವೋ, ಆಟೋ ಹಿಂದೆ ಶಂಕ್ರಣ್ಣನ ಚಿತ್ರ ನೋಡಿ ಕೈಮುಗಿಯುತ್ತೇವೆ, ಆತನ ಹಾಡು ಬರೆದವರಾರೆಂದರೆ ತಲೆ ಕೆರೆಯುತ್ತೇವೆ! ಬಡಾವಣೆಯ ಆರ್ಕೆಸ್ಟ್ರಾಗಳ ಕಥೆಯೂ ಅಷ್ಟೇ. ನಾಯಕನ ಹೆಸರಿಗೆ ಶಿಳ್ಳೆ, ಕವಿಯ ಹೆಸರೇ ಇಲ್ಲ.

ಈ ಸಲದ ರಾಜ್ಯೋತ್ಸವದಲ್ಲಿ ನಿಮ್ಮ ಬೀದಿಯ ವೇದಿಕೆ ಮೇಲೆ ಈ ಹಾಡು ಬಂದರೆ ಮೈಕ್ ಹಿಡಿದವರ ಕೈಗೆ ಒಂದು ಚೀಟಿ ಕೊಡಿ: ‘ಗೀತಾ, 1981. ಸಂಗೀತ: ಇಳಯರಾಜ. ಸಾಹಿತ್ಯ: ಚಿ. ಉದಯಶಂಕರ್. ಗಾಯನ: ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ.’ ಓದಿದ ಮೇಲೆಯೇ ಹಾಡು ಶುರುವಾಗಲಿ!